ಸೋಮವಾರದ ಮಾತ್ರೆ ಪಟ್ಟಿ

ಗೋರೆಗಾಂವ್
೧೫-೯-೧೯೯೩

ಮ್ಯಾನೇಜರ್ ಸತ್ಯಮೂರ್ತಿಯವರಿಗೆ,

ನಮ್ಮ ಕ್ಷಯ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಕುರ್ಲಾ ರೋಗಿಗಳ ಹೆಸರಿನ ಟೇಬಲ್ಲನ್ನು, ಅಂದರೆ ಕೋಷ್ಟಕವನ್ನು, ಇಡೀ ಮುಂಬಯಿಯ ಹೊಸ ದೊಡ್ಡ ಟೇಬಲ್ಲಿಗೆ ಸೇರಿಸಿದ ದಿನ ನೀವು ಹಂಚಿದ ಪೇಡೆ ನನ್ನ ಡ್ರಾಯರಿನಲ್ಲೇ ಬೂಸ್ಟು ಹಿಡಿದಿದೆ.

ಕುರ್ಲಾದ ಹಳೆಯ ಟೇಬಲ್ ಅಳಿಸುವಾಗ ಕಂಪ್ಯೂಟರೇ ತಡೆಯಿತು. ಸೋಮವಾರ ಯಾರಿಗೆ ಮಾತ್ರೆ ಕೊಡಬೇಕೆಂಬ ಪಟ್ಟಿ ಇದನ್ನೇ ನೆಚ್ಚಿಕೊಂಡಿದೆ ಎಂದಿತು. ಮೊದಲು ಪಟ್ಟಿಯನ್ನು ಹೊಸದಕ್ಕೆ ಜೋಡಿಸೋಣ ಎಂದು ನಾನೂ ಹೇಳಿದೆ. "ಅಂಟ್ಕೊಂಡಿರೋದೆಲ್ಲ ಜೊತೇಲೇ ಹೋಗ್ಲಿ ಬಿಡಿ, ಯಾರ್ ಕೇಳ್ತಾರೆ?" ಎಂದು ನೀವೇ ಬಟನ್ ಒತ್ತಿದಿರಿ. ಟೇಬಲ್ಲಿನ ಜೊತೆ ಪಟ್ಟಿಯೂ ಅಳಿಸಿಹೋಯಿತು. ವರದಿಯಲ್ಲಿ ಮಾತ್ರ 'ರಮಾಮಣಿಯ ಅಜಾಗರೂಕತೆ' ಎಂದು ಬರೆದಿರಿ. ಓದಿ ಹೇಸಿಗೆಯಾಯಿತು.

ಯಾರು ಕೇಳುತ್ತಾರೆ ಎಂದಿರಲ್ಲ, ಕೇಳಿದವಳು ಭಾಗವ್ವ, ಕುರ್ಲಾದ ರೋಗಿ. ಹೆಸರಿಲ್ಲವೆಂದು ಎರಡು ಸೋಮವಾರ ಅವಳನ್ನು ಮಾತ್ರೆ ಕೊಡದೆ ಬರಿಗೈಲಿ ಕಳಿಸಿದರು. "ನಾ ಇಲ್ಲೇ ನಿಂತೀನಲ್ರೀ, ಕಂಪ್ಯೂಟರಿನ್ಯಾಗ ಇಲ್ಲಂದ್ರ ಹೆಂಗ್ರೀ?" ಎಂದು ಕೆಮ್ಮುತ್ತಲೇ ಕೇಳಿದಳು. ಮೊನ್ನೆ ಸೋಮವಾರ ಅವಳು ಬರಲೇ ಇಲ್ಲ.

ಅಳಿಸಿಹೋದ ಮರುದಿನವೇ ಪಟ್ಟಿಯನ್ನು ನಾನು ಮತ್ತೆ ಮಾಡಿ ಹೊಸ ಟೇಬಲ್ಲಿಗೆ ಜೋಡಿಸಿಟ್ಟಿದ್ದೆ. ನಿಮ್ಮ ಸಹಿಯಿಲ್ಲದೆ ಅದು ಅಚ್ಚಾಗುವುದಿಲ್ಲ. ತಪ್ಪು ನನ್ನ ಹೆಸರಿನಲ್ಲೇ ಇರಲಿ, ಸಹಿ ಹಾಕಿ.

ಭಾಗವ್ವನ ಚಾಳಿನ ಮನೆಯ ವಿಳಾಸ ಈ ಹಾಳೆಯ ಹಿಂದಿದೆ. ಮಾತ್ರೆಯನ್ನು ನೀವೇ ಒಯ್ದು ಕೊಡಿ. ಪೇಡೆ ಒಯ್ಯಬೇಡಿ.

ಇಂತಿ,
ರಮಾಮಣಿ
ಕಂಪ್ಯೂಟರ್ ವಿಭಾಗ