ಎಂಟನೆಯವಳ ನಡಿಗೆ

ಬ್ರಿಸ್ಟಲ್
ಬುಧವಾರ, 11 ಅಕ್ಟೋಬರ್ 2023

ಪ್ರೀತಿಯ ಅಮ್ಮ,

ನಿನ್ನ ಮೂರು ಕಾಗದಗಳಿಗೆ ಇದೊಂದೇ ಉತ್ತರ. ಬೈಯಬೇಡ ಎನ್ನುವುದಿಲ್ಲ, ಬೈದು ಮುಗಿಸಿ ಆಮೇಲೆ ಓದು. ಮೊದಲ ಕಾಗದ ಬಂದಾಗ ಪುಟ್ಟಿ ನೆಲ್‌ಗೆ ಐದು ವಾರ, ಈಗ ಹನ್ನೊಂದು. ನಡುವಿನ ಆರು ವಾರ ಎಲ್ಲಿ ಹೋದವೆಂದು ಕೇಳಿದರೆ ನನ್ನಲ್ಲಿ ಲೆಕ್ಕವಿಲ್ಲ. ಒಟ್ಟಿಗೆ ಎರಡು ಗಂಟೆ ನಿದ್ದೆ ಸಿಕ್ಕಿದ ದಿನ ನಾನೂ ಓವೆನ್ನೂ ಹಬ್ಬ ಮಾಡುತ್ತೇವೆ. ಮೊನ್ನೆ ಟೀಪುಡಿಯ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು ಹಾಲನ್ನು ಕಪಾಟಿನಲ್ಲಿಟ್ಟಿದ್ದೆ. ನಿನ್ನ ಅಳಿಯ ಓವೆನ್ ಎರಡನ್ನೂ ಅವುಗಳ ಜಾಗಕ್ಕೆ ಸೇರಿಸಿದ. ಅವನೂ ಎರಡು ಬೇರೆ ಬೇರೆ ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಹೋಗಿ ಬಂದಿದ್ದ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಆಡುವುದೆಲ್ಲ ಹರಟೆ, ಬಾಗಿಲ ಕಿಂಡಿಯಿಂದ ಒಳಗೆ ಬಿದ್ದದ್ದು ಮಾತ್ರ ಸುದ್ದಿ ಎನ್ನುವವಳು ನೀನು. ಮೂವತ್ತೊಂದು ವರ್ಷ ವಾಚೆಟ್ ಊರಿನ ಮನೆಮನೆಗೂ ಅಂಚೆ ಹಂಚಿದವಳ ಮಾತನ್ನು ಮೀರಲಾರೆ. ಈ ಸಲ ನನ್ನಲ್ಲಿ ಇರುವುದು ಸುದ್ದಿಯೇ. ಭಾನುವಾರ ಸಂಜೆ ಏಳಕ್ಕೆ ಮೊದಲು ಅದು ನಿನ್ನ ಕೈ ಸೇರಬೇಕು. ನೆಲ್ ಎದೆಗೆ ಕಟ್ಟಿದ ಜೋಳಿಗೆಯಲ್ಲಿ ನಿದ್ದೆ ಹೋಗಿದ್ದಾಳೆ, ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಬರೆಯುತ್ತಿದ್ದೇನೆ. ಕೂತರೆ ಏಳುತ್ತಾಳೆ. ಅಕ್ಷರ ಸೊಟ್ಟಗಿದ್ದರೆ ಅದು ಅವಳ ಉಸಿರಾಟದ ಏರಿಳಿತ.

ಮೊದಲು ಅವಳ ಸಮಾಚಾರ. ಆರು ವಾರದ ತಪಾಸಣೆಯಲ್ಲಿ ಒಂದು ತೊಡೆಯ ಮಡಿಕೆ ಇನ್ನೊಂದರ ಹಾಗಿಲ್ಲ ಎಂದು ನಾನೇ ಡಾಕ್ಟರಿಗೆ ತೋರಿಸಿದೆ. ಅವರಿಗೆ ಕಂಡಿರಲಿಲ್ಲ, ನನಗೆ ಕಂಡಿತ್ತು. ಸೊಂಟದ ಕೀಲಿನ ಸ್ಕ್ಯಾನಿಗೆ ಬರೆದುಕೊಟ್ಟರು. ಅದಾಗುವವರೆಗಿನ ಹತ್ತು ದಿನ ಬಟ್ಟೆ ಬದಲಿಸಿದಾಗಲೆಲ್ಲ ಅವಳ ಕಾಲುಗಳನ್ನು ಜೋಡಿಸಿ ಅಳತೆ ನೋಡುತ್ತಿದ್ದೆ. ಓವೆನ್ ಒಮ್ಮೆ ಬಾಗಿಲಲ್ಲಿ ನಿಂತು, “ಕೆರಿ, ದರ್ಜಿಗಳ ಹತ್ರಾನೂ ಇಷ್ಟು ಸಲ ಅಳತೆ ಕೊಟ್ಟಿಲ್ಲ ನಾನು, ಬಿಡು ಮಗೂನ” ಎಂದ. ಸ್ಕ್ಯಾನಿನಲ್ಲಿ ಎಲ್ಲ ಸರಿಯಾಗಿದೆ. ಸರಿಯಾಗಿದೆ ಎಂದಾಗ ಆಸ್ಪತ್ರೆಯ ಪಡಸಾಲೆಯಲ್ಲಿ ಅತ್ತುಬಿಟ್ಟೆ. ಅತ್ತು ಕಣ್ಣೊರೆಸಿಕೊಳ್ಳುವಾಗ ನಿನ್ನ ನೆನಪಾಯಿತು. ಯಾವುದಕ್ಕೆ ಇಷ್ಟು ಹೆದರಿದೆನೋ ಅದೇ ಕಾಲಿನಲ್ಲಿ ನೀನು ನನ್ನನ್ನು ಸಾಕಿದವಳು ಎಂದು ನಾಚಿಕೆಯಾಯಿತು.

ಇನ್ನು ಭಾನುವಾರದ ವಿಷಯ. ನಮ್ಮ ಸರಣಿಯ ಮೂರನೆಯ ಕಂತು ನೋಡಲು ಮೊರೀನ್ ಚಿಲ್ಕಾಟ್ ಅರ್ಧ ಬೀದಿಯನ್ನೇ ಮನೆಗೆ ಕರೆದಿದ್ದಾಳೆಂದು ಬರೆದಿದ್ದೀ. ಹದಿನಾಲ್ಕು ಜನ, ಸಾಸೇಜ್ ರೋಲು, ಅವಳ ದೊಡ್ಡ ಟಿವಿ. ನೀನಂತೂ ಸಿಕ್ಕಸಿಕ್ಕವರಿಗೆ “ನಮ್ಮ ಕೆರಿ ಡೈನೋಸಾರ್‌ಗಳನ್ನ ನಡೆಸ್ತಾಳೆ” ಎನ್ನುತ್ತೀಯಂತೆ, ನಾಯಿ ತಿರುಗಾಡಿಸುವವರ ಬಗ್ಗೆ ಹೇಳಿದ ಹಾಗೆ. ಅಪ್ಪ ಹೇಳಿದರು. ನಗಬೇಡ, ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಇನ್ನಾರೂ ಹೇಳಿಲ್ಲ. ಒಬ್ಬರು ಮೂಳೆಯ ಮೇಲೆ ಮಾಂಸ ತುಂಬುತ್ತಾರೆ, ಇನ್ನೊಬ್ಬರು ಚರ್ಮ ಹೊದಿಸುತ್ತಾರೆ, ಮತ್ತೊಬ್ಬರು ಅದರ ಮೇಲೆ ಬಿಸಿಲು ಬೀಳಿಸುತ್ತಾರೆ. ನಾನು ಕಂಪ್ಯೂಟರಿನ ಮುಂದೆ ಕೂತು ಅವನ್ನು ನಡೆಸುತ್ತೇನೆ, ಅಷ್ಟೇ.

ಆ ಕಂತಿನ ನಡುವೆ ಒಂದು ಹಿಂಡು ಹೊಳೆ ದಾಟುತ್ತದೆ. ಹೊಳೆ ನಿಜವಾದದ್ದು, ನಮ್ಮವರು ಹೋಗಿ ಬರೀ ಹೊಳೆಯನ್ನಷ್ಟೇ ಚಿತ್ರೀಕರಿಸಿ ತಂದಿದ್ದರು. ಅದರೊಳಗೆ ಹದಿಮೂರು ಪ್ರಾಣಿಗಳನ್ನು ಇಳಿಸುವುದು ನಮ್ಮ ಪಾಲು. ಸೊಪ್ಪು ತಿನ್ನುವ ದೊಡ್ಡ ಜೀವಗಳು, ಎರಡು ಕಾಲಿನ ಮೇಲೆ ನಡೆಯುವಂಥವು. ಅದರಲ್ಲಿ ಎಂಟನೆಯವಳು ಕುಂಟಿ. ಕಥೆಗೆಂದು ಕುಂಟಿಸಿದ್ದಲ್ಲ. ನಮಗೆ ಸಲಹೆ ಕೊಡುವ ಹೆಸ್ಟರ್ ಆಡ್ಲಮ್ ಎಂಬ ಮುದುಕಿ, ಪಳೆಯುಳಿಕೆಗಳ ಡಾಕ್ಟರ್, ಒಂದು ತೊಡೆಮೂಳೆಯನ್ನು ತಂದು ಮೇಜಿನ ಮೇಲಿಟ್ಟಿದ್ದರು. ಬಲತೊಡೆ. ಮುರಿದು, ವಾರೆಯಾಗಿ ಕೂಡಿಕೊಂಡು, ಗಿಡ್ಡವಾದದ್ದು. ಮರದ ಹಾಗೆ ಮೂಳೆಯಲ್ಲೂ ವರ್ಷವರ್ಷದ ಉಂಗುರ ಬೀಳುತ್ತದಂತೆ. ಮುರಿದ ಮೇಲೂ ಆರು ಉಂಗುರ ಇದ್ದವು.

ನನಗೆ ನೀನು ಹನ್ನೊಂದನೆಯ ವಯಸ್ಸಿನಲ್ಲಿ ಹುಲ್ಲಿನ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡದ್ದು ನೆನಪಾಯಿತು.

ಎಂಟನೆಯವಳನ್ನು ಮೊದಲು ನಡೆಸಿದವನು ಬೇರೆಯವನು. ನಮ್ಮಲ್ಲಿ ಪ್ರತಿ ಬೆಳಿಗ್ಗೆ ಹಿಂದಿನ ದಿನದ ಕೆಲಸವನ್ನು ಕತ್ತಲೆಕೋಣೆಯಲ್ಲಿ ಎಲ್ಲರೂ ಕೂತು ನೋಡುತ್ತೇವೆ. ಅವನ ಎಂಟನೆಯವಳು ಕಾಲು ಎಳೆದಳು, ತಲೆ ತಗ್ಗಿಸಿದಳು, ನಿಂತು ಹಿಂಡನ್ನು ನೋಡಿದಳು. ಕೋಣೆಯಲ್ಲಿ “ಅಯ್ಯೋ ಪಾಪ” ಎಂದು ಲೊಚಗುಟ್ಟಿದರು. ಮೇಲ್ವಿಚಾರಕ ಫ್ರೇನ್‌ಗೆ ಬಹಳ ಹಿಡಿಸಿತು. ನಿರೂಪಣೆಗೆ ಎರಡು ಸಾಲು ಕರುಣೆಯನ್ನೂ ಆಗಲೇ ಬರೆಸಿಟ್ಟಿದ್ದ. ಆಡ್ಲಮ್ ಮಾತ್ರ ಕೋಲೂರಿ ಎದ್ದು ನಿಂತರು.

“ಇವಳು ನಾಳೆ ಸಾಯ್ತಾಳೆ” ಎಂದರು. “ನಾನು ತಂದುಕೊಟ್ಟವಳು ಆರು ವರ್ಷ ಬದುಕಿದಾಳೆ. ಅವಳೆಲ್ಲಿ?”

ಫ್ರೇನ್ ಮುಖ ಕೆಂಪಗೆ ಮಾಡಿಕೊಂಡು, ನೋವಿಲ್ಲದೆ ಕುಂಟೋದು ಹೇಗೆ ಡಾಕ್ಟರ್ ಎಂದು ಕೇಳಿದ. ಎಂಟು ತಿಂಗಳ ಹೊಟ್ಟೆ ಹೊತ್ತು ಕೊನೆಯ ಸಾಲಿನಲ್ಲಿ ಕೂತಿದ್ದ ನಾನು, “ಅವಳನ್ನ ನನಗೆ ಕೊಡಿ” ಎಂದೆ. ನನ್ನ ದನಿ ನನಗೇ ಜಗಳಕ್ಕೆ ಬಂದವಳ ಹಾಗೆ ಕೇಳಿಸಿತು.

ನಾವು ಯಾವ ಪ್ರಾಣಿಯನ್ನು ನಡೆಸಬೇಕಾದರೂ ಮೊದಲು ನಾವೇ ಹಾಗೆ ನಡೆದು ವಿಡಿಯೊ ತೆಗೆದುಕೊಳ್ಳುತ್ತೇವೆ. ಆಮೇಲೆ ಅದನ್ನು ಮುಂದಿಟ್ಟುಕೊಂಡು ಒಂದೊಂದೇ ಫ್ರೇಮ್ ಕೂಡಿಸುವುದು. ಸ್ಟುಡಿಯೊದ ಹಿಂದೆ ಕಾರು ನಿಲ್ಲಿಸುವ ಜಾಗವಿದೆ. ಗಡ್ಡಬಿಟ್ಟ ಗಂಡಸರು ಅಲ್ಲಿ ಮೊಣಕೈ ಮಡಚಿಕೊಂಡು ಕುಪ್ಪಳಿಸುವುದನ್ನು ಎದುರಿನ ವಕೀಲರ ಕಚೇರಿಯವರು ಟೀ ಕುಡಿಯುತ್ತ ನೋಡುತ್ತಾರೆ. ಅಂದು ಜೊತೆಯ ಡಿಲ್ವಿನ್‌ಗೆ ಫೋನು ಹಿಡಿದು ನಿಲ್ಲಲು ಹೇಳಿದೆ. ಹುಷಾರು ಮಾರಾಯ್ತಿ, ಇಲ್ಲೇ ಹೆತ್ತುಬಿಟ್ಟೀಯ ಎಂದ. ನಾನು ಭಾರದ ಚೀಲವೊಂದನ್ನು ಎಡಹೆಗಲಿಗೆ ಹಾಕಿಕೊಂಡು ನಡೆದೆ.

ನಿನ್ನ ಹಾಗೆ ನಡೆದೆ, ಅಮ್ಮ.

ಬಲಗಾಲು ಬೀಳುವಾಗ ಮೈ ತಗ್ಗುತ್ತದೆ, ಆದರೆ ಗದ್ದ ತಗ್ಗುವುದಿಲ್ಲ. ಎಡಗಡೆ ತೂಗುವ ಚೀಲ ಮೈಯನ್ನು ಎಳೆದು ನಿಲ್ಲಿಸುತ್ತದೆ. ಗುಡ್ಡವನ್ನು ನೇರವಾಗಿ ಹತ್ತುವುದಿಲ್ಲ, ಓರೆಯಾಗಿ, ಗಿಡ್ಡ ಕಾಲು ಮೇಲುಭಾಗಕ್ಕೆ ಬರುವ ಹಾಗೆ. ತಿರುಗುವಾಗ ಎಡಗಾಲನ್ನು ಗೂಟದ ಹಾಗೆ ನೆಟ್ಟು, ಅದರ ಸುತ್ತ ಅಗಲವಾಗಿ ಬಳಸಿ, ಒಂದಿಷ್ಟೂ ವೇಗ ಕಳೆದುಕೊಳ್ಳದೆ. ಫ್ರೇನ್ ಕೇಳಿದ್ದಕ್ಕೆ ಇದೇ ಉತ್ತರ. ಹೊಸ ಕುಂಟಿನಲ್ಲಿ ನೋವಿರುತ್ತದೆ. ಹಳೆಯ ಕುಂಟಿನಲ್ಲಿ ಇರುವುದು ತಾಳ. ಮಳೆಯಲ್ಲಿ ಕಾರು ನಿಲ್ಲಿಸಿ ಹತ್ತು ಎಂದವರಿಗೆ “ನೀವು ಹೋಗಿ, ನಾನು ಬೇಗ ಹೋಗ್ಬೇಕು” ಎನ್ನುತ್ತಿದ್ದವಳ ತಾಳ.

ಎಂಟನೆಯವಳಿಗೆ ಚೀಲದ ಬದಲು ಬಾಲ. ಏಳು ವಾರ ಹಿಡಿಯಿತು, ನೆಲ್ ಹುಟ್ಟುವ ನಾಲ್ಕು ದಿನ ಮೊದಲು ಮುಗಿಸಿದೆ. ಅವಳು ಹೊಳೆಗೆ ಕೊನೆಯಲ್ಲಿ ಇಳಿಯುತ್ತಾಳೆ. ಆಚೆ ದಡದಲ್ಲಿ ಉಳಿದವರೆಲ್ಲ ನೇರವಾಗಿ ಹತ್ತಲು ಹೋಗಿ ಕೆಸರಿನಲ್ಲಿ ಜಾರುತ್ತಿರುವಾಗ, ಇವಳು ಓರೆಯಾಗಿ ಹತ್ತಿ ನಾಲ್ವರನ್ನು ದಾಟಿ ಮುಂದೆ ಹೋಗುತ್ತಾಳೆ. ತಿರುಗಿ ನೋಡುವುದಿಲ್ಲ. ಹೋಗುವ ಕೆಲಸವಿದೆ ಅವಳಿಗೆ.

ಸೆಪ್ಟೆಂಬರಿನಲ್ಲಿ ಕೆಲಸ ಮಾಡಿದವರಿಗೆಲ್ಲ ದೊಡ್ಡ ಪರದೆಯಲ್ಲಿ ತೋರಿಸಿದರು. ನೆಲ್‌ಳನ್ನೂ ಎತ್ತಿಕೊಂಡು ಹೋಗಿದ್ದೆ, ಅಳುವಳೆಂದು ಬಾಗಿಲ ಬಳಿಯೇ ನಿಂತಿದ್ದೆ. ಎಂಟನೆಯವಳು ಬಂದಾಗ ಯಾರೂ ಲೊಚಗುಟ್ಟಲಿಲ್ಲ. ಫ್ರೇನ್ ಕರುಣೆಯ ಸಾಲುಗಳನ್ನು ಕಿತ್ತುಹಾಕಿಸಿದ್ದ, ಸಂಗೀತವೂ ಇರಲಿಲ್ಲ. ಜಲ್ಲಿಕಲ್ಲಿನ ಮೇಲೆ ಒಂದು ಭಾರದ ಹೆಜ್ಜೆ, ಒಂದು ಹಗುರದ ಹೆಜ್ಜೆ, ಅಷ್ಟೇ ಸದ್ದು. ಅವಳು ನಾಲ್ವರನ್ನು ದಾಟಿದಾಗ ಮುನ್ನೂರು ಜನ ಚಪ್ಪಾಳೆ ತಟ್ಟಿದರು. ಆಡ್ಲಮ್ ಹೊರಗೆ ಬಂದು ನೆಲ್‌ಳ ಕಾಲ್ಬೆರಳು ಹಿಡಿದುಕೊಂಡು, “ನಿಮ್ಮಮ್ಮ ಅವಳನ್ನ ಬದುಕಿಸಿದ್ಲು ಕಣೇ” ಎಂದರು. ನಾನು ಹತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಪಡಬೇಕಾದವಳು ನೀನು, ಪಟ್ಟುಕೊಂಡವಳು ನಾನು.

ಈಗ ನನ್ನ ಹೆದರಿಕೆ ನಿನಗೆ ಅರ್ಥವಾಗಿರಬೇಕು. ಮೊರೀನಳ ಮನೆಯಲ್ಲಿ ಕೂರುವ ಹದಿನಾಲ್ಕು ಜನವೂ ಮೂವತ್ತು ವರ್ಷ ಕಿಟಕಿಯಿಂದ ನಿನ್ನನ್ನು ನೋಡಿದವರು. ಎರಡು ಹೆಜ್ಜೆ ನೋಡಿದರೆ ಗುರುತು ಹಿಡಿಯುತ್ತಾರೆ. ಅವರಿಗಿಂತ ಮೊದಲು ನೀನು ಹಿಡಿಯುತ್ತೀ. ಊರಿನವರ ನಡುವೆ ಕೂತು, ಮಗಳು ನನ್ನನ್ನು ದೇಶಕ್ಕೆಲ್ಲ ಆಡಿ ತೋರಿಸಿದಳೇ ಎಂದು ನಿನಗೆ ಅನ್ನಿಸಬಾರದು. ಮೊದಲೇ ಕೇಳಬೇಕಿತ್ತು. ಕೇಳಲು ಧೈರ್ಯವಾಗಲಿಲ್ಲ. ಈಗ ಬದಲಿಸಲು ಬರುವುದಿಲ್ಲ, ಆಗಸ್ಟಿನಲ್ಲೇ ಎಲ್ಲ ಮುಗಿದು ಕೈಬಿಟ್ಟು ಹೋಗಿದೆ. ನಿನಗೆ ಬೇಡವೆನಿಸಿದರೆ ತಲೆನೋವೆಂದು ಹೇಳಿ ಮನೆಯಲ್ಲೇ ಇದ್ದುಬಿಡು. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಹೋದರೆ, ಅದು ಏಳೂವರೆಯ ಹೊತ್ತಿಗೆ ಬರುತ್ತದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಂದು ಡಿಲ್ವಿನ್ ಫೋನು ಇಳಿಸಿ, “ಇದನ್ನ ಎಲ್ಲಿ ಕಲಿತೆ?” ಎಂದು ಕೇಳಿದ್ದ. ನಮ್ಮೂರಲ್ಲಿ ಯಾರೋ ಹೀಗೆ ನಡೆಯುತ್ತಿದ್ದರು ಎಂದಿದ್ದೆ. ಯಾರೋ! ನಿನ್ನೆ ಅವನು ಮಗುವಿಗೆ ಟೋಪಿ ತಂದಿದ್ದ. ಬಾಗಿಲಲ್ಲೇ ನಿಲ್ಲಿಸಿ, “ಅವತ್ತು ಸುಳ್ಳು ಹೇಳ್ದೆ, ಅದು ನಮ್ಮಮ್ಮ” ಎಂದೆ. ಅವನು ಟೋಪಿಯನ್ನು ನನ್ನ ಕೈಗಿಟ್ಟು, “ಹಾಗಾದ್ರೆ ನಿಮ್ಮಮ್ಮನ ಹಿಂದೆ ನಡೆಯೋರು ಓಡ್ಬೇಕಾಗಿರ್ಬೇಕು” ಎಂದ. ಹೌದು, ಓಡಬೇಕಾಗಿತ್ತು ಎಂದೆ.

ನೆಲ್ ಮಿಸುಕಾಡುತ್ತಿದ್ದಾಳೆ, ಮುಗಿಸಬೇಕು. ನೀನು ಹೆಣೆದು ಕಳಿಸಿದ ಹಳದಿ ಅಂಗಿ ಆಗಲೇ ತೋಳಿಗೆ ಬಿಗಿ. ಅಪ್ಪನ ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗಲಿ, ಜೇನುತುಪ್ಪದ ಕಥೆ ಸಾಕು. ಕಂತಿನ ಕೊನೆಯಲ್ಲಿ ಹೆಸರುಗಳು ಓಡುತ್ತವೆ. ನನ್ನದು ಮೂರು ಸಾಲುಗಳ ನಡುವಿನದರಲ್ಲಿ, ಕಣ್ಣು ಮಿಟುಕಿಸಿದರೆ ತಪ್ಪಿತು. ನಿನಗೆ ಆರೋಗ್ಯ ಇರಲಿ, ಮೊಣಕಾಲಿಗೆ ಬೆಚ್ಚಗಿರಲಿ, ನನ್ನ ಮಗಳಿಗೆ ನಿನ್ನ ಗದ್ದ ಬರಲಿ.

ನಿನ್ನ,
ಕೆರಿ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲಾಗಲಿಲ್ಲ. ಅವಳಿಗೆ ಹಾಲು ಕೊಟ್ಟು ಮಲಗಿಸಿ ಬಂದು ಬರೆಯುತ್ತಿದ್ದೇನೆ.

ನಿನ್ನ ನಡಿಗೆಯನ್ನು ನಾನು ಕಲಿತದ್ದು ನಿನ್ನ ಹಿಂದೆ ಓಡಿ ಅಲ್ಲ. ಒಂಬತ್ತು ವರ್ಷದವಳಿದ್ದಾಗ ಶಾಲೆಯ ಅಂಗಳದಲ್ಲಿ, ಹುಡುಗಿಯರನ್ನು ನಗಿಸಲು. ಯಾರದೋ ಚೀಲವನ್ನು ಎಡಹೆಗಲಿಗೆ ಹಾಕಿಕೊಂಡು ಅಂಗಳದ ಈ ತುದಿಯಿಂದ ಆ ತುದಿಗೆ ನಡೆದೆ. ಅಭ್ಯಾಸ ಮಾಡಿಕೊಂಡು ಹೋಗಿದ್ದೆ, ಚೆನ್ನಾಗಿ ಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಡಗಾಲು ನೆಟ್ಟು ತಿರುಗಿದಾಗ ಕಂಬಿಗಳಾಚೆ ನೀನಿದ್ದೆ, ಶಾಲೆಯ ಅಂಚೆ ಹಿಡಿದುಕೊಂಡು. ಅದನ್ನು ಆಫೀಸಿಗೆ ಕೊಟ್ಟು ನೀನು ಹೋದೆ. ಸಂಜೆ ಟೋಸ್ಟಿನ ಮೇಲೆ ಬೀನ್ಸ್ ಹಾಕಿಕೊಟ್ಟು ಸ್ಪೆಲ್ಲಿಂಗ್ ಪರೀಕ್ಷೆ ಹೇಗಾಯಿತೆಂದು ಕೇಳಿದೆ. ಅಂದಿನಿಂದ ಇಂದಿನವರೆಗೆ ಅದರ ಬಗ್ಗೆ ಒಂದು ಮಾತಿಲ್ಲ. ನೀನು ನೋಡಿರಲಿಕ್ಕಿಲ್ಲ ಎಂದು ನಾನು ಇಪ್ಪತ್ತಮೂರು ವರ್ಷ ನಂಬಿಕೊಂಡೆ.

ಆದರೆ ಮರುವಾರದಿಂದ ನೀನು ಅಂಚೆಯ ಸುತ್ತನ್ನು ತಿರುಗಿಸಿದೆ. ಮೊದಲು ಶಾಲೆ, ಕೊನೆಗೆ ಗುಡ್ಡ ಇದ್ದದ್ದು ಮೊದಲು ಗುಡ್ಡ, ಕೊನೆಗೆ ಶಾಲೆ ಆಯಿತು. ಗಂಟೆ ಹೊಡೆದು ಮಕ್ಕಳೆಲ್ಲ ಒಳಗೆ ಹೋದ ಮೇಲೆ, ನಿನ್ನ ನಡಿಗೆ ಯಾರೂ ನೋಡದ ಹೊತ್ತಿಗೆ, ನೀನು ಬರುತ್ತಿದ್ದೆ. ಅಪ್ಪ ಕೇಳಿದ್ದಕ್ಕೆ, ಗುಡ್ಡ ಬೆಳಿಗ್ಗೆಯೇ ಮುಗಿದರೆ ಹಗುರ ಎಂದೆ ನೀನು. ಹಗುರ ಹೇಗಾಗುತ್ತದೆ ಅಮ್ಮ? ಮೊದಲಾದರೆ ಖಾಲಿಯಾದ ಚೀಲದಲ್ಲಿ ಹತ್ತುತ್ತಿದ್ದೆ. ಆಮೇಲೆ ತುಂಬಿದ ಚೀಲ ಹೊತ್ತು ಹತ್ತಿದೆ. ನಾನು ಆ ಶಾಲೆ ಬಿಟ್ಟ ಮೇಲೂ, ನೀನು ನಿವೃತ್ತಳಾಗುವವರೆಗೂ, ಹದಿನೇಳು ವರ್ಷ. ನಾನು ಕೇಳಲಿ ಎಂದು ಕಾಯುತ್ತಿದ್ದೆಯೋ, ಅಥವಾ ನನಗೆ ಎಂದೂ ತಿಳಿಯದಿರಲಿ ಎಂದು ಹತ್ತುತ್ತಿದ್ದೆಯೋ?