ನಡುಮನೆಯಲ್ಲಿ ಹತ್ತೊಂಬತ್ತು ವರ್ಷ

ಫೆಬ್ರವರಿ ೩೪, ೨೪೧೨

ಪೂಜ್ಯ ಸಿಂಚನಾ ಅಜ್ಜಿಯವರಿಗೆ,

ಇಪ್ಪತ್ತನಾಲ್ಕು ವರ್ಷದ, ಇನ್ನೂ ಮದುವೆಯಾಗದ ಹುಡುಗಿಯನ್ನು ಅಜ್ಜಿ ಎನ್ನುವುದು ಸಭ್ಯತೆಯಲ್ಲ. ಆದರೆ ನಾನು ನಿಮ್ಮ ಮರಿಮಗನ ಮರಿಮಗನ ಮರಿಮಗ. ಬೇರೆ ಏನೆಂದು ಕರೆಯಲಿ? ತಾರೀಖು ನೋಡಿ ಗಾಬರಿಯಾಗಬೇಡಿ. ಪಂಚಾಂಗಕ್ಕಾಗಿ ಎರಡು ದೇಶಗಳು ಹೊಡೆದಾಡಿ, ಕೊನೆಗೆ ರಾಜಿಯಲ್ಲಿ ಫೆಬ್ರವರಿಗೆ ಆರು ದಿನ ಹೆಚ್ಚಿಗೆ ಸಿಕ್ಕಿತು. ನನ್ನ ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಎರಡೂ ಕಡೆಯವರಿಗೆ ನೋವಾಗದಂತೆ ಮಾತಾಡಿ ಮಾತಾಡಿ ನಾಲಿಗೆಯ ಅಂಚು ಸವೆದಿದೆ. ಇದನ್ನು ಹಿಂದಂಚೆಯಲ್ಲಿ ಕಳಿಸುತ್ತಿದ್ದೇನೆ. ಮುಂದಿನವರು ಹಿಂದಿನವರಿಗೆ ಹಾಕುವ ಅಂಚೆ ಅದು. ನಿಮ್ಮ ಕಾಲದ ಅಂಚೆಗಿಂತ ಬೇಗ, ಬರೆದವನು ಹುಟ್ಟುವುದಕ್ಕೆ ಮೊದಲೇ ತಲುಪುತ್ತದೆ.

ನಾಳೆ ನೀವು ವಿದೇಶಾಂಗ ಸೇವೆಯ ತರಬೇತಿ ಮುಗಿಸಿ, ಯಾರೂ ಕೇಳದ ‘ಕದನಪ್ರದೇಶ’ ವಿಭಾಗವನ್ನು ಕೇಳಿ ಪಡೆಯಲಿದ್ದೀರಿ. ನಮ್ಮ ಮನೆತನಕ್ಕೆ ಈ ಚಾಳಿ ಹತ್ತಿದ್ದೇ ನಿಮ್ಮಿಂದ. ನಾನೂ ಅದನ್ನೇ ಹಿಡಿದೆ. ಮೊದಲ ನೇಮಕದಲ್ಲಿ ಎರಡು ಉಪ್ಪಿನ ದ್ವೀಪಗಳ ಜಗಳ ಬಿಡಿಸಿದೆ, ಎರಡನೆಯದರಲ್ಲಿ ಸೈನ್ಯದ ಹಿಡಿತದಿಂದ ಒಂದು ಸುರಂಗ ಬಿಡಿಸಿದೆ, ಮೂರನೆಯದರಲ್ಲಿ ಒಂದು ಹಲ್ಲು ಬಿಟ್ಟು ಬಂದೆ. ನಾಲ್ಕನೆಯ ನೇಮಕ ಇಲ್ಲಿಗೆ. ಬೆಟ್ಟದ ಮೇಲೆ ಮೇಲ್ಪೇಟೆ, ಕೆಳಗೆ ಕೆಳಪೇಟೆ. ಎರಡೂ ಬದುಕುವುದು ಮೋಡಬಲೆಗಳಿಂದ, ಅಂದರೆ ತೇಲುವ ಮೋಡವನ್ನು ಸೋಸಿ ನೀರು ಇಳಿಸುವ ಬಲೆಗಳಿಂದ. ಮೋಡ ಯಾರದೆಂದು ಹೊಡೆದಾಡಿ ಒಂದೇ ವರ್ಷದಲ್ಲಿ ನಾನೂರು ಜನ ಸತ್ತಿದ್ದರು. ನಮ್ಮ ಕಾಲದ ಪದ್ಧತಿಯಂತೆ ರಾಯಭಾರಿಯನ್ನು ಎರಡು ಊರುಗಳ ಗಡಿಯ ಮೇಲೆ ಕಟ್ಟಿದ ನಡುಮನೆಯಲ್ಲಿ ಇರಿಸಿ, ಎರಡು ಬಾಗಿಲಿಗೂ ಆಯಾ ಊರಿನವರು ಹೊರಗಿನಿಂದ ಬೀಗ ಹಾಕುತ್ತಾರೆ. ಮಾತುಕತೆ ಮುಗಿದ ದಿನ ಎರಡನ್ನೂ ತೆಗೆಯುತ್ತಾರೆ. ಒಂಬತ್ತು ದಿನದ ಬಟ್ಟೆ ತಂದಿದ್ದೆ.

ಮೊದಲ ದಿನವೇ ದೊಡ್ಡ ಗೆಲುವು. ಮಾತುಕತೆ ಮುಗಿಯುವವರೆಗೆ ಯಾರೂ ಆಯುಧ ಎತ್ತುವುದಿಲ್ಲ ಎಂದು ಎರಡೂ ಊರಿನಿಂದ ಆಣೆ ಹಾಕಿಸಿದೆ. ಊರಿಗೊಂದರಂತೆ ಇರುವ ಎರಡೂ ಕಿಟಕಿಯಿಂದ ಹಾರ ಬಿತ್ತು. ಹಾರದ ಭಾರಕ್ಕೆ ತಲೆ ತಗ್ಗಿಸಿದವನಿಗೆ ಬಲೆ ಕಾಣಲಿಲ್ಲ. ಮಾತುಕತೆ ನಡೆಯುತ್ತಿರುವಷ್ಟು ಕಾಲ ಶಾಂತಿ ಇರುತ್ತದೆಂದ ಮೇಲೆ ಅದನ್ನು ಮುಗಿಸಲು ಯಾವ ಮೂರ್ಖನಿಗೆ ಮನಸ್ಸಾದೀತು? ಅಂದಿನಿಂದ ಈ ರಾಯಭಾರಿಯಲ್ಲಿ ರಾಯನ ಠೀವಿ ಹೋಯಿತು, ಭಾರ ಮಾತ್ರ ಉಳಿಯಿತು.

ಮೇಲ್ಪೇಟೆಯ ವಕ್ತಾರೆ ಚನ್ನಾಜಮ್ಮ ದಿನಾ ಬೆಳಿಗ್ಗೆ ಹತ್ತಕ್ಕೆ ತಮ್ಮ ಕಿಟಕಿಗೆ ರೊಟ್ಟಿಯ ಜೊತೆ ಒಂದು ಆಕ್ಷೇಪಣೆ ತರುತ್ತಾರೆ. “ಏನ್ರೀ ಸಾಹೇಬ್ರ, ಇವತ್ತೂ ನಾವು ಒಪ್ಪಂಗಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ, ಬಿಸಿ ಇದ್ದಾಗ ತಿನ್ರಿ.” ಎದುರು ಕಿಟಕಿಯಿಂದ ಕೆಳಪೇಟೆಯ ವಕ್ತಾರ ಬರಮಣ್ಣನವರು ಕೂಗುತ್ತಾರೆ: “ಅಕೀ ಒಪ್ಪಿದ್ರೂ ನಾವು ಒಪ್ಪಂಗಿಲ್ಲ ಬಿಡ್ರಿ!” ಚನ್ನಾಜಮ್ಮನ ಮೊಮ್ಮಗಳನ್ನು ಕೊಟ್ಟಿರುವುದು ಅದೇ ಬರಮಣ್ಣನವರ ಮನೆಗೆ. ಹೋದ ವರ್ಷ ನನಗೆ ಜ್ವರ ಬಂದಾಗ ಎರಡೂ ಊರಿನ ವೈದ್ಯರು ಓಡಿ ಬಂದರು. ನಾನು ಸತ್ತರೆ ಮಾತುಕತೆಯೂ ಮುಗಿದಂತೆ ಎಂದು ಕಿಟಕಿಯೊಳಗೆ ಕೈ ಚಾಚಿ ರಾತ್ರಿಯಿಡೀ ನಾಡಿ ಹಿಡಿದೇ ನಿಂತರು. ನನ್ನನ್ನು ಇಷ್ಟು ಪ್ರೀತಿಸುವ ಸೆರೆಮನೆ ಬೇರೆಲ್ಲೂ ಇರಲಾರದು. ಹನ್ನೊಂದು ಹೆಜ್ಜೆಗೆ ಒಂದು ಗೋಡೆ, ತಿರುಗಿದರೆ ಮತ್ತೆ ಹನ್ನೊಂದು.

ಹೋದ ವಾರ ನನಗೆ ಅರವತ್ತು ತುಂಬಿತು. ಬಯಸಿದರೆ ಮಾತುಕತೆ ಮುಗಿಯಿತೆಂದು ಸಾರಿ ಮನೆಗೆ ಹೋಗಬಹುದು ಎಂದು ಇಲಾಖೆಯಿಂದ ಅಪ್ಪಣೆ ಬಂತು. ಜೊತೆಗೇ ಹೆಂಡತಿ ಶಾಕಾಂಬರಿಯ ಕಾಗದ: “ಒಂಬತ್ತು ದಿನ ಅಂತ ಹೇಳಿ ಹೋದಿರಿ. ಊರೂರಿನ ಜಗಳ ಬಿಡಿಸುವವರಿಗೆ ಮನೆಯ ಜಗಳ ಆಡೋಕಾದರೂ ಬಿಡುವಾಗಬೇಡವೇ? ಈ ಸಲ ಬರದಿದ್ದರೆ ನಾನು ಇನ್ನು ಕಾಯೋದಿಲ್ಲ.” ಅವಳು ತಮಾಷೆಗೆ ಹಾಗೆ ಬರೆಯುವವಳಲ್ಲ. ತಮಾಷೆಯ ಖಾತೆ ನನ್ನದು.

ಇವತ್ತು ಬೆಳಿಗ್ಗೆ ಹತ್ತಕ್ಕೆ ಘೋಷಣೆಯ ಹಾಳೆ ಹಿಡಿದು ನಿಂತೆ. ವಿಷಯ ಹೇಗೋ ಸೋರಿತ್ತು. ಚನ್ನಾಜಮ್ಮ ರೊಟ್ಟಿ ತಂದಿರಲಿಲ್ಲ. ಬರಮಣ್ಣನವರ ಸೊಂಟದಲ್ಲಿ, ಹತ್ತೊಂಬತ್ತು ವರ್ಷದ ಮೇಲೆ, ತುಕ್ಕು ಹಿಡಿದ ಮೋಡಗತ್ತಿ ಇತ್ತು. ಬಲೆಯ ಹಗ್ಗ ಕೊಯ್ಯಲು ಮಾಡಿದ್ದು, ಹೊಡೆದಾಟದ ವರ್ಷ ಕೊರಳು ಕೊಯ್ಯಲೂ ಬಂದಿತ್ತು. ಅವರು ಅದನ್ನು ಹೆಮ್ಮೆಯಿಂದ ಸಿಕ್ಕಿಸಿಕೊಂಡಿರಲಿಲ್ಲ, ಅಳುತ್ತಿದ್ದರು. ಚನ್ನಾಜಮ್ಮ ಮೆಲ್ಲಗೆ, “ಹೋಗಿ ಬರ್ರಿ ಯಪ್ಪಾ, ನಿಮಗೂ ಮನಿ ಐತಿ,” ಎಂದರು.

ನಾನು ಹಾಳೆ ಮಡಚಿದೆ. ಒಪ್ಪಂದದ ಹದಿನೇಳನೆಯ ಕಲಮು ನನಗೆ ಇನ್ನೂ ಅರ್ಥವಾಗಿಲ್ಲ, ಮೊದಲಿನಿಂದ ಚರ್ಚೆಯಾಗಲಿ ಎಂದೆ. ಎರಡೂ ಕಿಟಕಿಯಲ್ಲಿ ಉಸಿರು ಬಿಟ್ಟ ಸದ್ದು ಕೇಳಿತು. ಆಮೇಲೆ ಒಳಗೆ ಬಂದು ಶಾಕಾಂಬರಿಗೆ ಮೂರು ಸಲ ಉತ್ತರ ಬರೆದು ಮೂರನ್ನೂ ಹರಿದೆ. ನಾಲ್ಕನೆಯದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಅದರಲ್ಲಿ ಒಂದು ನಗೆಚಾಟಿಕೆಯೂ ಇಲ್ಲ.

ಅಜ್ಜಿ, ಆ ವಿಭಾಗ ಬೇಡವೆಂದು ಬೇಡಿಕೊಳ್ಳಲು ಈ ಪತ್ರ ಶುರುಮಾಡಿದ್ದೆ. ಈಗ ಹಾಗೆ ಕೇಳಲು ಬಾಯಿ ಬರುತ್ತಿಲ್ಲ. ಆರಿಸಿಕೊಳ್ಳಿ. ಕದನವಿರಾಮದ ಮೊದಲ ಕರಡು ಬರೆಯುವಾಗ ಮಾತ್ರ ಮಾತುಕತೆಗೆ ಒಂದು ಕೊನೆಯ ದಿನ ಹಾಕಿ. ಆ ದಿನದ ಮಾರನೆಯ ಬೆಳಿಗ್ಗೆ ಯಾರೂ ಯಾರನ್ನೂ ಕೊಲ್ಲದೆ ಇರುವುದು ಹೇಗೆಂಬುದು ನನಗೆ ಹೊಳೆದಿಲ್ಲ. ನಿಮಗೆ ಹೊಳೆದರೆ, ಎಲ್ಲಾದರೂ ಕಾಯಂ ಉಳಿಯುವ ಕಡೆ ಬರೆದಿಡಿ. ಹುಡುಕಿ ಓದಲು ನನಗೆ ಬೇಕಾದಷ್ಟು ಪುರಸತ್ತಿದೆ.

ಇಂತಿ ನಿಮ್ಮ ಮುಂದಿನವ,
ತೋಂಟೇಶ