ಮನೆ ನಂಬರ್ ಒಂಬತ್ತು, ಸುಣ್ಣದಗೂಡು

17 ನವೆಂಬರ್ 2008, ಬೆಳಿಗ್ಗೆ 8.30

ಕರೆಂಟ್ ಹೋಗುವ ಮೊದಲು ಪ್ರಿಂಟ್ ತೆಗೆದಾಯಿತು. ಹತ್ತೊಂಬತ್ತು ಮನೆಗಳ ದಾವೆ. ಸುಣ್ಣದಗೂಡಿನವರು ಆರು ಗಂಟೆಗೇ ಬಂದು ವರಾಂಡದಲ್ಲಿ ಕೂತಿದ್ದರು. ಮೂವತ್ತು ವರ್ಷದ ಹಿಂದೆ ಸುಣ್ಣ ಸುಡುವ ಕೆಲಸಕ್ಕೆ ಬಂದವರು. ಗೂಡು ಆರಿಹೋಯಿತು, ಇವರು ಅಲ್ಲೇ ಉಳಿದರು. ಜಾಗ ಪುರಸಭೆಯದು. ಹಕ್ಕುಪತ್ರ ಒಬ್ಬರಿಗೂ ಇಲ್ಲ. ಶುಕ್ರವಾರ ಜೆಸಿಬಿ ತರುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳಿಹೋಗಿದ್ದಾರೆ. ನೋಟಿಸ್ ಇಲ್ಲ.

ನನ್ನ ಕೈಯಲ್ಲಿರುವುದು ಒಂದೇ ವಾದ — ಹಕ್ಕು ಇರಲಿ, ಬಿಡಲಿ, ಬಹುಕಾಲದಿಂದ ನೆಲೆಸಿದವರನ್ನು ಕಾನೂನಿನ ಕ್ರಮವಿಲ್ಲದೆ ಎಬ್ಬಿಸುವಂತಿಲ್ಲ. ನೆಲೆಸಿದ್ದಾರೆ ಎಂದು ತೋರಿಸಬೇಕು.

ಗಂಗುಲಮ್ಮನನ್ನು ಒಂದನೇ ವಾದಿ ಮಾಡಿದೆ. ಅವರ ಬಳಿ 1977ರ ಗುಡಿಸಲು ತೆರಿಗೆ ರಸೀದಿ ಇದೆ. ಎಲ್ಲರಿಗಿಂತ ಹಳೆಯ ಕಾಗದ. ಗಂಡ ಕೋನಪ್ಪ ಆಗಸ್ಟಿನಲ್ಲಿ ತೀರಿಕೊಂಡರಂತೆ. ಗೇಟಿನ ಒಳಗೆ ಬರಲೇ ಇಲ್ಲ. “ಇರ್ಲಿ ಬಿಡಮ್ಮ, ಇಲ್ಲೇ ಒತ್ತುತೀನಿ” ಎಂದು ಕಾಂಪೌಂಡ್ ಗೋಡೆಯ ಮೇಲೆ ಕಾಗದ ಇಟ್ಟುಕೊಂಡು ಹೆಬ್ಬೆಟ್ಟು ಒತ್ತಿದರು. ಸಿಟ್ಟು ಬಂತು. ನಮ್ಮವರೇ ನಮ್ಮ ಮನೆಯ ಗೇಟಿನ ಹೊರಗೆ ನಿಲ್ಲುವುದೇ? ಅಪ್ಪ ಇದ್ದಿದ್ದರೆ ಕೈಹಿಡಿದು ಕರೆತರುತ್ತಿದ್ದರು. ನಾನು ಹೋಗಿ ಕರೆದೆನೇ? ಇಲ್ಲ. ಕೋರ್ಟಿಗೆ ತಡವಾಗುತ್ತಿತ್ತು.

ದಾವೆ ಇಂಗ್ಲಿಷಿನಲ್ಲಿದೆ. ಸಾರಾಂಶವನ್ನು ಕನ್ನಡದಲ್ಲಿ ಹೇಳಿದೆ. ಬೇಗ ಬೇಗ.

21 ನವೆಂಬರ್

ನಿನ್ನೆ ಯಥಾಸ್ಥಿತಿಗೆ ಆದೇಶವಾಯಿತು, ಡಿಸೆಂಬರ್ ಹತ್ತರವರೆಗೆ. ಇವತ್ತು ಜೆಸಿಬಿ ಬೀದಿಯ ಬಾಯಿಗೆ ಬಂದು, ಕಾಗದ ನೋಡಿ, ಹಿಂದಕ್ಕೆ ಹೋಯಿತಂತೆ. ಟೀ ಕುಡಿದು ಹೋದರು ಎಂದು ಗಂಗರಾಜು ಫೋನ್ ಮಾಡಿದ್ದ. ಬೀದಿಯ ಪರವಾಗಿ ಓಡಾಡುವವನು ಅವನೇ.

10 ಡಿಸೆಂಬರ್, ಸಂಜೆ

ಯಥಾಸ್ಥಿತಿ ಆದೇಶ ಮುಂದುವರಿಯಿತು. ಪುರಸಭೆಯ ಆಕ್ಷೇಪಣೆ ಬಂತು. ಜೊತೆಗೆ ಅಕ್ಟೋಬರಿನ ಸರ್ವೆ. ಹದಿನೆಂಟು ಮನೆಗಳ ಮುಂದೆ ‘ವಾಸವಿದ್ದಾರೆ’. ಒಂಬತ್ತನೇ ನಂಬರಿನ ಮುಂದೆ ‘ಪಾಳು, ವಾಸವಿಲ್ಲ’. ಫೋಟೋ ಕೂಡ. ಬೀಗ ಜಡಿದ ಬಾಗಿಲು, ಅಡ್ಡಲಾಗಿ ಜಾಲಿ ಮುಳ್ಳು. ಹಿಂದಿನ ಗೋಡೆ ಒಡೆದು ಕಲ್ಲು ಪೇರಿಸಿದೆ.

ಒಂಬತ್ತು ಗಂಗುಲಮ್ಮನದು.

ಪುರಸಭೆಯ ವಕೀಲರು ವೆಂಕಟರಾಯಪ್ಪ. ಕಾರಿಡಾರಿನಲ್ಲಿ ನಕ್ಕರು. “ಏನ್ ಮೇಡಂ, ನಿಮ್ಮ ಒಂದನೇ ವಾದಿ ದೆವ್ವಾನಾ? ಇಲ್ಲದ ಮನೇಲಿ ವಾಸ ಮಾಡ್ತಾರಲ್ಲ.”

ದಾವೆಯ ನಾಲ್ಕನೇ ಪ್ಯಾರಾ ಮತ್ತೆ ಓದಿದೆ. ವಾದಿಗಳೆಲ್ಲ ಮೂವತ್ತು ವರ್ಷಗಳಿಂದ ಒಂದು ದಿನವೂ ಬಿಡದೆ ವಾಸವಿದ್ದಾರೆ. ‘ಒಂದು ದಿನವೂ ಬಿಡದೆ’ ಎಂದು ಯಾರೂ ಹೇಳಿರಲಿಲ್ಲ. ವಾಕ್ಯ ಗಟ್ಟಿಯಾಗಲಿ ಎಂದು ನಾನೇ ಸೇರಿಸಿದ್ದು. ಅದರ ಕೆಳಗೆ ಗಂಗುಲಮ್ಮನ ಹೆಬ್ಬೆಟ್ಟು, ಪ್ರಮಾಣ ಮಾಡಿ. ಈಗ ಜಡ್ಜ್ ಮುಂದೆ ಆಕೆ ಸುಳ್ಳು ಹೇಳಿದವಳು. ಒಂದನೇ ವಾದಿಯದೇ ಸುಳ್ಳಾದರೆ ಉಳಿದವರ ಮಾತನ್ನು ಯಾಕೆ ನಂಬಬೇಕು?

11 ಡಿಸೆಂಬರ್

ಸುಣ್ಣದಗೂಡಿಗೆ ಹೋದೆ. ಮೊದಲೇ ಹೋಗಬೇಕಿತ್ತು. ಎಂಟನೇ ಮನೆಯ ವಜೀರುನ್ನೀಸಾ ರೇಷ್ಮೆ ನೂಲಿನ ಕೆಲಸಕ್ಕೆ ಹೊರಟಿದ್ದವರು ನಿಂತರು.

“ನಿಮಗೆ ಗೊತ್ತಿಲ್ವಾ ಲಾಯರಮ್ಮ? ನಿಮ್ಮವರದೇ ಶಾಸ್ತ್ರ ಅಲ್ವಾ ಇದು? ಕೋನಪ್ಪಣ್ಣ ಹೋಗಿದ್ದು ಧನಿಷ್ಠಾ ಪಂಚಕದಲ್ಲಿ. ಆ ನಕ್ಷತ್ರದಲ್ಲಿ ಹೋದ್ರೆ ಹೆಣಾನ ಬಾಗ್ಲಲ್ಲಿ ತರಂಗಿಲ್ಲ, ಗೋಡೆ ಒಡೀಬೇಕು. ಆರು ತಿಂಗಳು ಮನೆ ಮುಚ್ಚಬೇಕು. ಇಲ್ದಿದ್ರೆ ಮನೇಲಿ ಇನ್ನೊಂದು ಸಾವು.”

“ಕೀ ಯಾರ ಹತ್ತಿರ ಇದೆ?”

“ನನ್ನ ಹತ್ರ. ದಿನಾ ಅಂಗಳ ಗುಡಿಸ್ತೀನಿ. ನಮಗೆ ಆ ನಕ್ಷತ್ರ ಹತ್ತಲ್ಲ ನೋಡಿ.”

ಗಂಗುಲಮ್ಮ ಈಗ ಕೈವಾರದಲ್ಲಿ, ಮಗಳು ಅಮೃತಳ ಮನೆಯಲ್ಲಿ. ಅಮೃತ ತುಂಬು ಬಸುರಿ. ಬಸ್ ಹತ್ತಿ ಅಲ್ಲಿಗೇ ಹೋದೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸ್ವಲ್ಪ ಜೋರಾಗಿಯೇ.

“ಆ ಮಾತನ್ನ ಬೇರೆಯವರ ಮನೇಲಿ ಎತ್ತಬಾರದು ಕಣಮ್ಮ. ನಿಮ್ಮದು ಓದೋ ಮಗು ಇರೋ ಮನೆ. ಅದಕ್ಕೇ ಗೇಟಿನ ಒಳಗೂ ಬರ್ಲಿಲ್ಲ.”

ಅಪ್ಪ ಬೌದ್ಧರಾದ ವರ್ಷವೇ ಮನೆಯಿಂದ ಪಂಚಾಂಗ ಹೊರಗೆ ಹೋಯಿತು. ಕಾನ್ವೆಂಟಿನಲ್ಲಿ ಇದನ್ನು ಹೇಳಿಕೊಡಲಿಲ್ಲ. ಹಾಗಂತ ಕೇಳಲು ಏನು ಅಡ್ಡಿಯಿತ್ತು? ಬೀಗ ಹಾಕಿದ್ದೀರಾ, ಯಾವಾಗ ಹಾಕಿದಿರಿ — ಎರಡು ಪ್ರಶ್ನೆ.

14 ಡಿಸೆಂಬರ್, ಭಾನುವಾರ

ಗಂಗರಾಜು ನಾಲ್ವರನ್ನು ಕರೆದುಕೊಂಡು ಬಂದ.

“ಮೇಡಂ, ಆಯಮ್ಮನ್ನ ಕೇಸಿಂದ ಬಿಡಿ. ಹದಿನೆಂಟು ಮನೆ ಉಳ್ಕೊಳ್ಳಲಿ.”

“ಅವರ ಮನೆ?”

“ಒಂದು ಮನೆಗೋಸ್ಕರ ಎಲ್ಲರೂ ಬೀದಿಗೆ ಬೀಳಣಾ? ನೀವೇ ಹೇಳಿ. ನಂಗೂ ಆಯಮ್ಮ ಪೆದ್ದಮ್ಮ, ದೊಡ್ಡಮ್ಮನೇ ಆಗಬೇಕು.”

ಅವನು ಕೆಟ್ಟವನಲ್ಲ. ಲೆಕ್ಕ ಸರಿಯಾಗಿದೆ. ಅವರು ಹೋದ ಮೇಲೆ ಮೆಮೊ ಟೈಪ್ ಮಾಡಿ ನೋಡಿದೆ. ‘ಒಂದನೇ ವಾದಿಯ ಹೆಸರನ್ನು ಕೈಬಿಡಲಾಗಿದೆ.’ ನಾಲ್ಕೇ ಸಾಲು. ತಪ್ಪು ವಾಕ್ಯ ಬರೆದವಳು ನಾನು, ಮನೆ ಹೋಗುವುದು ಅವರದು.

ಇನ್ನೊಂದು ದಾರಿ ಹೊಳೆಯಿತು. ವಜೀರುನ್ನೀಸಾ ಮನೆಗೆ ಫೋನ್ ಮಾಡಿದೆ. ಗಂಗುಲಮ್ಮ ಅಂಗಳ ನೋಡಲು ಬಂದಿದ್ದರು. ಇವತ್ತೇ ಬೀಗ ತೆಗೆದು ಒಳಗೆ ಇರಿ, ಕೋರ್ಟಿನವರು ಬಂದು ನೋಡಿದಾಗ ಒಲೆ ಉರಿಯುತ್ತಿರಲಿ ಎಂದೆ.

“ನಾನು ಹೋಗಿ ಮಲಗ್ತೀನಮ್ಮ, ನಂಗೇನು, ಮುದುಕಿ. ಅಮೃತಂಗೆ ಏನಾದ್ರೂ ಆದ್ರೆ? ಆಗ ಆ ಸ್ಟೇ ಕಾಗದ ತೋರಿಸಿ ಸಮಾಧಾನ ಮಾಡ್ಲಾ ಅವಳ ಗಂಡಂಗೆ?” ಆಮೇಲೆ ಮೆಲ್ಲಗೆ, “ಫೆಬ್ರವರಿ ಹದಿನಾರಕ್ಕೆ ಮುಗೀತದೆ. ಅಲ್ಲಿಗಂಟ ಕೋರ್ಟು ತಡ್ಕೊಳಲ್ವಾ?”

ನಂಬಿಕೆ ಸುಳ್ಳು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೆರಿಗೆಗೆ ಎರಡು ತಿಂಗಳೂ ಇಲ್ಲ. ಆ ಹುಡುಗಿಗೆ ಏನಾದರೂ ಆದರೆ, ಯಾವ ಕಾರಣಕ್ಕೇ ಆಗಲಿ, ಗಂಗುಲಮ್ಮ ಬದುಕಿಡೀ ಬೀಗದ ಕೈಯನ್ನೇ ದೂರುತ್ತಾರೆ. ನನ್ನನ್ನೂ.

16 ಡಿಸೆಂಬರ್

ಮೆಮೊ ಹರಿದೆ. ಹೊಸ ಅಫಿಡವಿಟ್, ಈ ಸಲ ಕನ್ನಡದಲ್ಲಿ. ನಾಲ್ಕನೇ ಪ್ಯಾರಾ ವಕೀಲರ ತಪ್ಪಿನಿಂದ ಹಾಗೆ ಬಂದಿದೆ ಎಂದೂ ಸೇರಿಸಿದೆ. ಒಂದೊಂದು ಸಾಲನ್ನೂ ಓದಿ ಹೇಳಿದೆ. ‘ಆಗಸ್ಟ್ 16ರಂದು ಮನೆ ಬಿಟ್ಟು ಹೋದೆ’ ಎಂಬಲ್ಲಿ ಗಂಗುಲಮ್ಮ ತಡೆದರು.

“ಕಾದಮ್ಮ, ಹಂಗಲ್ಲ. ಬಿಟ್ಟು ಹೋಗ್ಲಿಲ್ಲ. ಮುಚ್ಚಿಟ್ಟು ಹೋದೆ. ಬಿಟ್ಟೋರು ಬೀಗ ಯಾಕೆ ಹಾಕ್ತಾರೆ?”

ಇಪ್ಪತ್ತು ವರ್ಷದ ಪ್ರಾಕ್ಟೀಸು ನನ್ನದು. ವಾದದ ತಿರುಳನ್ನು ಆಕೆ ಕೊಟ್ಟರು. ತಿದ್ದಿಕೊಂಡೆ.

ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ಬೇಕೆಂದು ಅರ್ಜಿಯನ್ನೂ ಹಾಕಿದೆ. ಗಂಗರಾಜು ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ.

17 ಜನವರಿ 2009, ಶನಿವಾರ

ಕಮಿಷನರ್ ಆಗಿ ಉಮರ್ ಫಾರೂಕ್ ಬಂದ. ಹೊಸ ವಕೀಲ, ನೀಟಾದ ಹುಡುಗ. ಟೇಪು, ಕ್ಯಾಮರಾ, ಪ್ಯಾಡು. ವೆಂಕಟರಾಯಪ್ಪನವರೂ ಇದ್ದರು. ಬೀದಿಗೆ ಬೀದಿಯೇ ನೆರೆದಿತ್ತು. ಗಂಗುಲಮ್ಮ ಮಾತ್ರ ದೂರ, ರಸ್ತೆಯ ಆಚೆ.

ಒಳಗೆ ಏನಿದೆ ಎಂದು ಪಟ್ಟಿ ಮಾಡಬೇಕು, ಬಾಗಿಲು ತೆಗೆಸಿ ಎಂದ ಉಮರ್. ಯಾರೂ ಅಲುಗಾಡಲಿಲ್ಲ. ವೆಂಕಟರಾಯಪ್ಪನವರು ಗಡಿಯಾರ ನೋಡಿಕೊಂಡರು. “ತೆಗೀದಿದ್ರೆ ‘ಖಾಲಿ’ ಅಂತ ಬರ್ಕೊಳಪ್ಪ.”

ವಜೀರುನ್ನೀಸಾ ಮುಂದೆ ಬಂದರು. “ಬಾಗ್ಲು ಯಾಕೆ ಬೇಕು? ಹಿಂದೆ ಗೋಡೆ ಇಲ್ವಾ? ಒಂದೆರಡು ಕಲ್ಲು ಸರಿಸಿದ್ರೆ ಆಯ್ತು. ಒಳಗೆ ಯಾರೂ ಕಾಲಿಡಬೇಕಾಗಿಲ್ಲ.”

ಹಾಗೇ ಮಾಡಿದೆವು. ಉಮರ್ ಟಾರ್ಚ್ ಬಿಟ್ಟು ಇಣುಕಿದ. ನಾನೂ ಇಣುಕಬೇಕಿತ್ತು. ಒಂದು ಕ್ಷಣ ಹಿಂದೆ ಸರಿದೆ. ನಂಬದವಳು ನಾನು. ಆದರೂ ಸರಿದೆ. ಬರೆದಿಡುತ್ತೇನೆ, ಇಲ್ಲದಿದ್ದರೆ ಮರೆತೇ ಬಿಡುತ್ತೇನೆ.

ಆಗ ರಸ್ತೆಯ ಆಚೆಯಿಂದ ಗಂಗುಲಮ್ಮ ಶುರು ಮಾಡಿದರು.

“ಎಡಗಡೆ ಮೂರು ಬಿಂದಿಗೆ, ಒಂದು ಸೊಟ್ಟ. ಒಲೆ ಮೇಲೆ ಮುದ್ದೆ ಪಾತ್ರೆ. ಹಗ್ಗದ ಮಂಚ, ಕೆಳಗೆ ಟ್ರಂಕು. ಮೂಲೇಲಿ ಅವರ ಸುಣ್ಣದ ಜರಡಿ.”

ಆಕೆ ಹೇಳಿದಂತೆ ಉಮರ್ ಒಂದೊಂದಕ್ಕೂ ಟಾರ್ಚ್ ತಿರುಗಿಸಿ, ಬರೆದುಕೊಂಡ. ಬಿಂದಿಗೆ ನಿಜಕ್ಕೂ ಸೊಟ್ಟ. ಒಂದೂ ತಪ್ಪಲಿಲ್ಲ.

“ಗಡಿಯಾರ ಓಡ್ತಾ ಇದೆಯೇನಪ್ಪ?”

“ಓಡ್ತಿದೆಯಮ್ಮ. ಹತ್ತು ನಿಮಿಷ ಮುಂದಿದೆ.”

“ಅದು ಮೊದ್ಲಿಂದ್ಲೂ ಹಂಗೇ.”

ಅದನ್ನೂ ಬರೆದುಕೊಂಡ. ಹೊರಡುವಾಗ ಗಂಗರಾಜು ಕಲ್ಲುಗಳನ್ನು ಮತ್ತೆ ಜೋಡಿಸುತ್ತಿದ್ದ. ನನ್ನ ಕಡೆ ನೋಡಲಿಲ್ಲ.

3 ಫೆಬ್ರವರಿ

ಅಮೃತಳಿಗೆ ಚಿಂತಾಮಣಿ ಆಸ್ಪತ್ರೆಯಲ್ಲಿ ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ. ಗಂಗುಲಮ್ಮ ಎಸ್‌ಟಿಡಿ ಬೂತಿನಿಂದ ಅಷ್ಟು ಹೇಳಿ ಇಟ್ಟರು.

6 ಫೆಬ್ರವರಿ

ವಾದ ಮುಗಿಯಿತು. ವೆಂಕಟರಾಯಪ್ಪನವರು, “ನಕ್ಷತ್ರಕ್ಕೆಲ್ಲ ಸ್ಟೇ ಕೊಡಕ್ಕಾಗುತ್ತಾ ಸ್ವಾಮಿ?” ಎಂದರು. ಕೋರ್ಟಿನಲ್ಲಿ ನಗು. ನಕ್ಷತ್ರ ನಿಜವೇ ಎಂದು ನಾನು ವಾದಿಸುತ್ತಿಲ್ಲ, ಬೀಗ ನಿಜ, ಕೀ ನಿಜ, ಒಳಗಿನ ಪಾತ್ರೆ ನಿಜ ಎಂದೆ. ಈ ಕೋರ್ಟೂ ಬೇಸಿಗೆಯಲ್ಲಿ ಮುಚ್ಚುತ್ತದೆ, ಪಾಳು ಬಿದ್ದಿದೆ ಎಂದು ಯಾರೂ ಬರೆಯುವುದಿಲ್ಲ. ಜಡ್ಜ್ ನಗಲಿಲ್ಲ, ಬರೆದುಕೊಂಡರು.

ಬಸ್ಸಿನಲ್ಲಿ ಬರುವಾಗ ಆ ಕೊನೆಯ ಮಾತು ಬೇಡವಿತ್ತೇನೋ ಎನ್ನಿಸಿತು.

13 ಫೆಬ್ರವರಿ

ಆದೇಶ. ದಾವೆ ಮುಗಿಯುವವರೆಗೆ ಕಾನೂನಿನ ಕ್ರಮ ಅನುಸರಿಸದೆ ಯಾವ ಮನೆಯನ್ನೂ ಕೆಡವುವಂತಿಲ್ಲ. ಹತ್ತೊಂಬತ್ತಕ್ಕೂ. ನಾಲ್ಕನೇ ಪ್ಯಾರಾದ ಬಗ್ಗೆ ನನಗೆ ಎರಡು ಸಾಲಿನ ಛೀಮಾರಿ. ನ್ಯಾಯವಾದದ್ದೇ.

5 ಮಾರ್ಚ್, ರಾತ್ರಿ ಊಟದ ಮೊದಲು

ಗಂಗುಲಮ್ಮ ಬಂದಿದ್ದರು. ಫೆಬ್ರವರಿ ಹದಿನೇಳಕ್ಕೇ ಬೀಗ ತೆಗೆದು, ಸುಣ್ಣ ಬಳಿದು, ಒಳಗೆ ಸೇರಿಕೊಂಡರಂತೆ. ಕೈಯಲ್ಲಿ ರಿಜಿಸ್ಟರ್ಡ್ ಪೋಸ್ಟಿನ ಲಕೋಟೆ. ಪುರಸಭೆ ಈಗ ಸರಿಯಾದ ದಾರಿ ಹಿಡಿದಿದೆ. ಮನೆ ಮನೆಗೂ ಲಿಖಿತ ನೋಟಿಸ್, ಯಾಕೆ ತೆರವು ಮಾಡಬಾರದು, ಕಾರಣ ತಿಳಿಸಿ ಎಂದು. ಹೀಗಾಗುತ್ತದೆ ಎಂದು ಗೊತ್ತಿತ್ತು. ನಾವು ಕೇಳಿದ್ದೂ ಇದನ್ನೇ ಅಲ್ಲವೇ, ಕ್ರಮ ಅನುಸರಿಸಿ ಎಂದು.

ವಿಳಾಸ ಓದಿ ಎಂದರು. ಓದಿದೆ. ಶ್ರೀಮತಿ ಗಂಗುಲಮ್ಮ ಕೋಂ ಲೇಟ್ ಕೋನಪ್ಪ, ಮನೆ ನಂಬರ್ ಒಂಬತ್ತು, ಸುಣ್ಣದಗೂಡು.

“ಪುರಸಭೆಯೋರೇ ಬರ್ದಿರೋದಾ?”

“ಹೌದು. ಆದರೆ ಇದು ನಿಮ್ಮನ್ನ ಎಬ್ಬಿಸೋದಕ್ಕೆ ಗಂಗುಲಮ್ಮ.”

“ಗೊತ್ತಮ್ಮ. ಪೋಸ್ಟ್‌ಮ್ಯಾನ್ ಹೇಳ್ದ.” ಲಕೋಟೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಮುಂದೆ ಇಟ್ಟರು. “ಇರೋರನ್ನ ತಾನೇ ಎಬ್ಬಿಸಕ್ಕಾಗೋದು?”

ಉತ್ತರ ಕೊಡಲು ಹದಿನೈದು ದಿನ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಬೇಕು, ಒಬ್ಬೊಬ್ಬರನ್ನೂ ಕೇಳಿ. ನಾಳೆ ಎಲ್ಲರನ್ನೂ ಆಫೀಸಿಗೆ ಕರೆಸುತ್ತೇನೆ. ಬೇಡ, ನಾನೇ ಅಲ್ಲಿಗೆ —